ಹಕ್ಕಳೆಯ ಬೆನ್ನು ನೋಡಿ: ರೆಸಿನ್ ಕಿಟ್‌ನಿಂದ ಕಟ್ಟಿದ ಸಿನಿಮಾ ಪರಿಕರದಲ್ಲಿ ದೋಷ ಪತ್ತೆ ಮತ್ತು ನಿವಾರಣೆ

ವೈಜ್ಞಾನಿಕ ಕಥಾಚಿತ್ರದಲ್ಲಿ ಕಂಡ ಕಿರಣ ಪಿಸ್ತೂಲನ್ನೋ ಕೈಯಲ್ಲಿ ಹಿಡಿಯುವ ಶೋಧಕ ಯಂತ್ರವನ್ನೋ, ಬಿಡಿಭಾಗಗಳನ್ನು ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನಲ್ಲಿ ಎರಕ ಹೊಯ್ದು ಕೊಡುವ ರೆಸಿನ್ ಕಿಟ್‌ನಿಂದ ಕಟ್ಟಿ ಬಣ್ಣ ಬಳಿಯುವಾಗ, ದೋಷ ಕಣ್ಣಿಗೆ ಬೀಳುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ; ಆದರೆ ಅದು ಹುಟ್ಟಿರುವುದು ಮೊದಲ ಹಂತಗಳಲ್ಲಿ. ಮೇಲಿನ ಬಣ್ಣ ಎದ್ದು ಬಂದಾಗ ನಾವು ಆ ಬಣ್ಣವನ್ನೇ ದೂರುತ್ತೇವೆ, ಡಬ್ಬಿ ಬದಲಿಸುತ್ತೇವೆ, ಅದೇ ಜಾಗಕ್ಕೆ ಇನ್ನೊಂದು ಕೈ ಹೊಡೆಯುತ್ತೇವೆ, ಒಂದು ವಾರ ಕಳೆಯುವಷ್ಟರಲ್ಲಿ ಅದೂ ಎದ್ದು ಬರುತ್ತದೆ. ಆದ್ದರಿಂದ ಈ ಕೈಪಿಡಿ ಒಂದೇ ಕ್ರಮವನ್ನು ಹಿಡಿದು ಸಾಗುತ್ತದೆ: ಯಾವ ಪದರ ಯಾವುದರಿಂದ ಬಿಟ್ಟುಕೊಂಡಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು, ರಿಪೇರಿಯನ್ನು ಆ ಪದರದಿಂದಲೇ ಶುರುಮಾಡಬೇಕು. ಅದಕ್ಕಿಂತ ಮೇಲಿನಿಂದ ಶುರುಮಾಡಿದ ರಿಪೇರಿ ನಿಲ್ಲುವುದಿಲ್ಲ.

ಪದರಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಕೆಳಗೆ ಬರಿಯ ರೆಸಿನ್ ಇರುತ್ತದೆ, ಅಲ್ಲಲ್ಲಿ ಅಂಟು ಮತ್ತು ಪುಟ್ಟಿ ಇರುತ್ತವೆ. ಅದರ ಮೇಲೆ ಬಣ್ಣಕ್ಕೆ ಹಿಡಿತ ಕೊಡುವ ಪ್ರೈಮರ್, ನಂತರ ಬಣ್ಣ ಅಥವಾ ಲೋಹದ ಬಣ್ಣ, ಅದರ ಮೇಲೆ ಡೆಕಾಲ್ (ಅಂಟಿಸುವ ತೆಳು ಚಿತ್ರಪಟ್ಟಿ), ಕೊನೆಗೆ ಪಾರದರ್ಶಕ ರಕ್ಷಣಾ ಲೇಪ. ಒಳಗಡೆ ದೀಪ, ತಂತಿ, ಬ್ಯಾಟರಿ ಇದ್ದರೆ ಅದೂ ಈ ಲೆಕ್ಕಕ್ಕೆ ಸೇರಿದ್ದೇ, ಏಕೆಂದರೆ ಬಣ್ಣದ ಕೆಲಸ ದೀಪವನ್ನು ಕೆಡಿಸುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಬಣ್ಣ ಹಕ್ಕಳೆಯಾಗಿ ಏಳುವುದು

ನಾನು ಕಟ್ಟಿದ ಎರಡನೆಯ ಪಿಸ್ತೂಲಿನಲ್ಲಿ ಹಿಡಿಗೆ ಕಂದು ಬಣ್ಣ ಕೊಡಲೆಂದು ಕಪ್ಪು ಬಣ್ಣದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದ್ದೆ. ಕೆಲಸ ಮುಗಿದ ಮೇಲೆ ಟೇಪ್ ಎಳೆದಾಗ ಎರಡು ಬೆರಳಗಲದ ಹಕ್ಕಳೆ ಅದರ ಜೊತೆಯಲ್ಲೇ ಬಂತು. ಟೇಪಿನ ಅಂಟು ಜಾಸ್ತಿಯಾಯಿತೆಂದು ಭಾವಿಸಿ ಆ ಜಾಗವನ್ನು ಉಜ್ಜಿ, ಬೇರೆ ಪ್ರೈಮರ್ ಹೊಡೆದು, ಮತ್ತೆ ಬಣ್ಣ ಕೊಟ್ಟೆ. ಪಕ್ಕದ ಜಾಗ ಎದ್ದಿತು. ಆಗ ಮೊದಲ ಬಾರಿಗೆ ಹಕ್ಕಳೆಯನ್ನು ಚಿಮಟದಲ್ಲಿ ಹಿಡಿದು ತಿರುಗಿಸಿ ನೋಡಿದೆ. ಅದರ ಬೆನ್ನು ಬೂದು ಬಣ್ಣದ ಪ್ರೈಮರ್, ಗಾಜಿನ ಮೇಲೆ ಒಣಗಿದಂತೆ ನುಣ್ಣಗೆ ಹೊಳೆಯುತ್ತಿತ್ತು. ಅಚ್ಚಿನ ಒಂದು ಸಣ್ಣ ಗೀರು ಸಹ ಅದರ ಮೇಲೆ ತದ್ರೂಪಾಗಿ ಮೂಡಿತ್ತು. ಅದು ಬಿಟ್ಟುಬಂದ ಜಾಗದಲ್ಲಿ ಕೆನೆ ಬಣ್ಣದ ಬರಿಯ ರೆಸಿನ್ ಕಾಣುತ್ತಿತ್ತು, ಬೆರಳಾಡಿಸಿದರೆ ತುಸು ಜಿಡ್ಡು ಹತ್ತುತ್ತಿತ್ತು. ಅಂದರೆ ಟೇಪ್ ತಪ್ಪು ಮಾಡಿರಲಿಲ್ಲ, ಬಣ್ಣವೂ ತಪ್ಪು ಮಾಡಿರಲಿಲ್ಲ. ಪ್ರೈಮರ್ ರೆಸಿನ್ನನ್ನು ಹಿಡಿದೇ ಇರಲಿಲ್ಲ.

ಈ ಪರೀಕ್ಷೆಗೆ ಖರ್ಚಿಲ್ಲ, ಸಲಕರಣೆ ಬೇಡ, ಉತ್ತರ ಮಾತ್ರ ಖಚಿತ. ಹಕ್ಕಳೆಯ ಬೆನ್ನಿನಲ್ಲಿ ಪ್ರೈಮರ್ ಇದ್ದು, ಕೆಳಗೆ ಬರಿಯ ರೆಸಿನ್ ಕಂಡರೆ, ರೆಸಿನ್ನಿಗೂ ಪ್ರೈಮರ್‌ಗೂ ನಡುವೆ ಹಿಡಿತ ತಪ್ಪಿದೆ ಎಂದರ್ಥ. ಬೆನ್ನಿನಲ್ಲಿ ಬಣ್ಣ ಮಾತ್ರ ಇದ್ದು, ಕೆಳಗೆ ಪ್ರೈಮರ್ ಹಾಗೇ ಉಳಿದಿದ್ದರೆ, ಪ್ರೈಮರ್‌ಗೂ ಬಣ್ಣಕ್ಕೂ ನಡುವೆ ತಪ್ಪಿದೆ. ಬೆನ್ನಿನಲ್ಲೂ ಕೆಳಗೂ ಒಂದೇ ಬಣ್ಣ ಕಂಡರೆ ಆ ಪದರವೇ ತನ್ನೊಳಗೆ ಸೀಳಿದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದಕ್ಕೆ ಬಹುತೇಕ ಯಾವಾಗಲೂ ಒಂದೇ ಕಾರಣ. ಕಿಟ್‌ನ ಭಾಗಗಳನ್ನು ಎರಕ ಹೊಯ್ಯುವವರು ರಬ್ಬರ್ ಅಚ್ಚಿನಿಂದ ರೆಸಿನ್ ಸಲೀಸಾಗಿ ಬಿಟ್ಟುಬರಲೆಂದು ಅಚ್ಚಿನೊಳಗೆ ಒಂದು ಬಗೆಯ ಜಾರುದ್ರವ್ಯವನ್ನು ಸಿಂಪಡಿಸುತ್ತಾರೆ. ಅದು ಬಹಳ ಸಲ ಸಿಲಿಕೋನ್ ಆಗಿರುತ್ತದೆ. ಏನೂ ಅಂಟಿಕೊಳ್ಳಬಾರದು ಎಂಬುದೇ ಅದರ ಕೆಲಸ, ಭಾಗ ಅಚ್ಚಿನಿಂದ ಹೊರಬಂದ ಮೇಲೂ ಅದು ತನ್ನ ಕೆಲಸ ಮುಂದುವರಿಸುತ್ತದೆ. ಇದನ್ನು ತೆಗೆಯುವಾಗ ಕ್ರಮ ಮುಖ್ಯ: ತೊಳೆಯುವುದು ಮೊದಲು, ಉಜ್ಜುವುದು ಆಮೇಲೆ. ತೊಳೆಯದೆ ಸ್ಯಾಂಡ್‌ಪೇಪರ್ ಆಡಿಸಿದರೆ ಜಿಡ್ಡು ಗೀರುಗಳೊಳಕ್ಕೆ ಇಳಿದು ಇನ್ನಷ್ಟು ಭದ್ರವಾಗಿ ಕೂರುತ್ತದೆ. ಭಾಗಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ದ್ರವ ಸೇರಿಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಮೂಲೆಮೂಲೆಗಳನ್ನೂ ತಿಕ್ಕಿ ತೊಳೆಯಿರಿ; ಕುದಿನೀರು ಬೇಡ, ತೆಳುವಾದ ಭಾಗಗಳು ಡೊಂಕಾಗುತ್ತವೆ. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆಯ ಮಡಿಕೆಯನ್ನು ಆಗಾಗ ಬದಲಿಸಿ, ಇಲ್ಲವಾದರೆ ಒಂದು ಕಡೆಯ ಜಿಡ್ಡನ್ನು ಇನ್ನೊಂದು ಕಡೆಗೆ ಬಳಿದಂತಾಗುತ್ತದೆ. ನಂತರ 400ರ (ಸಂಖ್ಯೆ ಹೆಚ್ಚಿದಷ್ಟೂ ನಯ) ಸ್ಯಾಂಡ್‌ಪೇಪರ್ ಹಿಡಿದು ನೀರು ಮುಟ್ಟಿಸುತ್ತ ಮೇಲ್ಮೈಯ ಹೊಳಪು ಹೋಗುವಷ್ಟು ಉಜ್ಜಿ, ಮತ್ತೊಮ್ಮೆ ತೊಳೆಯಿರಿ. ನೀರಿನಲ್ಲಿ ಉಜ್ಜಿದರೆ ರೆಸಿನ್ ಪುಡಿ ಗಾಳಿಗೆ ಏಳುವುದಿಲ್ಲ. ಒಣದಾಗಿ ಉಜ್ಜಲೇಬೇಕಾದ ಕಡೆ ಧೂಳು ತಡೆಯುವ ಸರಿಯಾದ ಮುಖಗವಸು ಇಲ್ಲದೆ ಕೂರಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಜಿಡ್ಡು ಹೋಯಿತೇ ಎಂದು ತಿಳಿಯಲು ಭಾಗದ ಮೇಲೆ ಶುದ್ಧ ನೀರು ಸುರಿದು ಓರೆಯಾಗಿ ಹಿಡಿಯಿರಿ. ನೀರು ಒಡೆಯದ ಒಂದೇ ತೆಳು ಹಾಳೆಯಾಗಿ ಹರಿದು ನಿಂತರೆ ಮೇಲ್ಮೈ ಶುದ್ಧವಾಗಿದೆ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ಸರಿದುಹೋಗುವ ಜಾಗದಲ್ಲಿ ಜಿಡ್ಡು ಇನ್ನೂ ಇದೆ. ಹಿಡಿಯ ಗೀರುಗಳಲ್ಲಿ, ಆಳವಾದ ಜಾಲರಿಗಳಲ್ಲಿ, ತಿರುಪಿನ ತಲೆಗಳ ಸುತ್ತ ಇದನ್ನು ವಿಶೇಷವಾಗಿ ನೋಡಿ.

ಎರಡನೆಯ ಬಗೆ, ಅಂದರೆ ಪ್ರೈಮರ್ ಮೇಲಿನಿಂದ ಬಣ್ಣ ಎದ್ದು ಬರುವುದಕ್ಕೆ ಕಾರಣಗಳು ಹಲವು: ಪ್ರೈಮರ್ ಮುಟ್ಟಿದ ಕೈಯ ಬೆವರು, ಉಜ್ಜಿದ ಧೂಳನ್ನು ಒರೆಸದೆ ಬಿಟ್ಟದ್ದು, ಅಥವಾ ಗಟ್ಟಿಯಾಗಿ ಹೊಳಪೇರಿದ ಪದರದ ಮೇಲೆ ಉಜ್ಜದೆಯೇ ಮುಂದಿನದನ್ನು ಹೊಡೆದದ್ದು. 600ರ ಸ್ಯಾಂಡ್‌ಪೇಪರ್‌ನಿಂದ ಹಗುರವಾಗಿ ಉಜ್ಜಿ, ಒರೆಸಿ, ಮತ್ತೆ ಬಣ್ಣ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೂರನೆಯ ಬಗೆಯಲ್ಲಿ, ಪದರ ತನ್ನೊಳಗೇ ಸೀಳಿದಾಗ, ಹೆಚ್ಚಾಗಿ ಕಾಣುವುದು ಪುಡಿಪುಡಿಯಾದ ಪ್ರೈಮರ್. ಸ್ಪ್ರೇ ಕ್ಯಾನ್ ತೀರ ದೂರ ಹಿಡಿದಾಗ ಹನಿಗಳು ಗಾಳಿಯಲ್ಲೇ ಅರ್ಧ ಒಣಗಿ ಹಿಟ್ಟಿನಂತೆ ಬಂದು ಕೂರುತ್ತವೆ, ಒಂದನ್ನೊಂದು ಬೆಸೆದುಕೊಳ್ಳುವುದಿಲ್ಲ. ಬೆರಳಿನಿಂದ ಒರೆಸಿದರೆ ಸೀಮೆಸುಣ್ಣದಂತೆ ಬೂದಿ ಹತ್ತುತ್ತದೆ. ಇದನ್ನು ಪೂರ್ತಿ ಉಜ್ಜಿ ತೆಗೆದು 20ರಿಂದ 30 ಸೆಂ.ಮೀ. ದೂರದಿಂದ ಒದ್ದೆಯಾಗಿ ಕೂರುವಂತೆ ಹೊಡೆಯದೆ ಬೇರೆ ದಾರಿಯಿಲ್ಲ.

ಎಲ್ಲ ಭಾಗಗಳಿಗೂ ಬಣ್ಣ ಹೊಡೆಯುವ ಮೊದಲು ಒಂದು ಕಾಣದ ಭಾಗದ ಮೇಲೆ, ಉದಾಹರಣೆಗೆ ಬ್ಯಾಟರಿ ಕೋಣೆಯ ಒಳಮೈಯಲ್ಲಿ, ಅದೇ ಕ್ರಮದಲ್ಲಿ ಅದೇ ಪದರಗಳನ್ನು ಕೊಟ್ಟು ಪರೀಕ್ಷಿಸುವುದನ್ನು ನಾನು ಈಗ ಎಂದೂ ಬಿಡುವುದಿಲ್ಲ. ಬಣ್ಣದ ಉದ್ಯಮದಲ್ಲಿ ಇದಕ್ಕೆ ಚೌಕುಳಿ ಕೊರೆಯುವ ಪರೀಕ್ಷೆಯೇ ಇದೆ. ಐಎಸ್‌ಒ 2409 ಎಂಬ ಅಂತರರಾಷ್ಟ್ರೀಯ ಮಾನಕ ಅದನ್ನು ವಿವರಿಸುತ್ತದೆ. ಹೊಸ ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಆರು ಗೆರೆ ಉದ್ದಕ್ಕೆ, ಆರು ಗೆರೆ ಅಡ್ಡಕ್ಕೆ, ಕೆಳಗಿನ ರೆಸಿನ್ ಮುಟ್ಟುವಂತೆ ಕೊರೆದರೆ 25 ಪುಟ್ಟ ಚೌಕಗಳಾಗುತ್ತವೆ. ಅದರ ಮೇಲೆ ಟೇಪ್ ಒತ್ತಿ ಅಂಟಿಸಿ ಎಳೆಯಿರಿ. ಆ ಮಾನಕದಲ್ಲಿ 0 ಎಂದರೆ ಒಂದೂ ಚೌಕ ಏಳಲಿಲ್ಲ ಎಂದು, 5 ಎಂದರೆ ತೀರ ಕೆಟ್ಟದ್ದು ಎಂದು ಲೆಕ್ಕ. ಅಮೆರಿಕದ ಎಎಸ್‌ಟಿಎಂ ಮಾನಕದಲ್ಲಿ ಅಂಕಗಳು ಇದಕ್ಕೆ ತಿರುಗುಮುರುಗಾಗಿದ್ದು, ಅಲ್ಲಿ 5 ಒಳ್ಳೆಯದು. ಬಣ್ಣದ ಡಬ್ಬಿಯ ಮಾಹಿತಿಪತ್ರ ಓದುವಾಗ ಯಾವ ಮಾನಕದ ಅಂಕ ಎಂಬುದನ್ನು ಗಮನಿಸಿ.

ಟೇಪಿನ ಬಗ್ಗೆ ಒಂದೇ ಮಾತು. ಅಂಟು ಕಡಿಮೆ ಇರುವುದನ್ನು ಆರಿಸಿ, ಬೇಕಾದರೆ ಶುದ್ಧ ಗಾಜಿನ ಮೇಲೆ ಒಮ್ಮೆ ಅಂಟಿಸಿ ತೆಗೆದು ಬಳಸಿ, ತೆಗೆಯುವಾಗ ಮೇಲಕ್ಕೆ ಎಳೆಯದೆ ಟೇಪನ್ನು ತನ್ನ ಮೇಲೆಯೇ ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆಯಿರಿ.

ಅಂಟಂಟಾಗಿಯೇ ಉಳಿಯುವ ಮೇಲ್ಮೈ

ಬಣ್ಣ ಕೊಟ್ಟು ದಿನಗಳಾದರೂ ಬೆರಳಿಗೆ ಅಂಟಿದರೆ, ಅಂಟುತ್ತಿರುವುದು ಬಣ್ಣವೋ ಅದರ ಕೆಳಗಿನ ರೆಸಿನ್ನೋ ಎಂದು ಮೊದಲು ತೀರ್ಮಾನಿಸಬೇಕು. ಬಣ್ಣ ಕೊಡದ ಒಳಮೈಯನ್ನು ಮುಟ್ಟಿ ನೋಡಿ. ಅಲ್ಲಿಯೂ ಅಂಟಿದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಂದು ದಿನ ಬಿಡಿ. ಒರೆಸಿದ ಮೇಲೆ ಮತ್ತೆ ಅಂಟು ಬರದಿದ್ದರೆ ಅದು ಮೇಲಿನ ಜಿಡ್ಡು ಅಷ್ಟೆ. ಮರುದಿನ ಒಳಗಿನಿಂದ ಬೆವರಿದಂತೆ ಮತ್ತೆ ಅಂಟಾದರೆ ರೆಸಿನ್ ಪೂರ್ತಿ ಗಟ್ಟಿಯಾಗಿಲ್ಲ. ಪಾಲಿಯುರಿಥೇನ್ ರೆಸಿನ್ ಎರಡು ದ್ರವಗಳ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವಂಥದು. ಅಳತೆ ತಪ್ಪಿದರೆ ಅಥವಾ ಸರಿಯಾಗಿ ಕಲಸದಿದ್ದರೆ ಆ ಜಾಗ ಎಷ್ಟು ಕಾಯ್ದರೂ ಗಟ್ಟಿಯಾಗದು. ಇಂಥ ಭಾಗದ ಮೇಲೆ ದುಡಿಯುವುದು ಶ್ರಮದ ನಷ್ಟ. ಫೋಟೊ ತೆಗೆದು ಕಿಟ್ ಕೊಟ್ಟವರಿಗೆ ಕಳಿಸಿ ಬದಲಿ ಭಾಗ ಕೇಳಿ.

ಒಳಮೈ ಗಟ್ಟಿಯಾಗಿದ್ದು ಬಣ್ಣವೇ ಅಂಟುತ್ತಿದ್ದರೆ, ನೀವು ಬಳಸಿದ ಬಣ್ಣ ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ನೋಡಬೇಕು. ಲ್ಯಾಕರ್ ಬಣ್ಣ ದ್ರಾವಕ ಆರಿದರೆ ಸಾಕು ಗಟ್ಟಿಯಾಗುತ್ತದೆ. ಎನಾಮಲ್‌ನಲ್ಲಿ ದ್ರಾವಕ ಆರುವುದು ಅರ್ಧ ಕೆಲಸ ಮಾತ್ರ. ಗಾಳಿಯ ಆಮ್ಲಜನಕದೊಂದಿಗೆ ಕ್ರಿಯೆ ನಡೆದು ಅದು ನಿಧಾನವಾಗಿ ಗಟ್ಟಿಯಾಗಬೇಕು. ಧೂಳು ಕೂರಬಾರದೆಂದು ಎನಾಮಲ್ ಹೊಡೆದ ಭಾಗವನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅಂಟು ಹೋಗದಿರುವುದು ಇದೇ ಕಾರಣಕ್ಕೆ. ಒಂದೇ ಸಲಕ್ಕೆ ದಪ್ಪವಾಗಿ ಹೊಡೆದರೂ ಅಷ್ಟೇ, ಮೇಲೆ ಕೆನೆ ಕಟ್ಟಿ ಒಳಗಿನದು ಹಸಿಯಾಗಿ ಉಳಿಯುತ್ತದೆ. ಮೂಗಿನ ಹತ್ತಿರ ಹಿಡಿದು ನೋಡಿ: ದ್ರಾವಕದ ವಾಸನೆ ಇನ್ನೂ ಬರುತ್ತಿದ್ದರೆ ಕಾಯಬೇಕು. ಬೆಚ್ಚಗಿನ, ಒಣ, ಗಾಳಿಯಾಡುವ ಜಾಗದಲ್ಲಿ ಒಂದು ವಾರ ಬಿಟ್ಟರೆ ಹೆಚ್ಚಿನವು ಸರಿಹೋಗುತ್ತವೆ.

ಮತ್ತೆ ಮೂಡುವ ಕೂಡುಗೆರೆ, ಸೂಜಿರಂಧ್ರ, ಡೊಂಕು

ಪಿಸ್ತೂಲಿನ ಎಡ ಬಲ ಹೋಳುಗಳನ್ನು ಸೇರಿಸಿ, ಪುಟ್ಟಿ ತುಂಬಿ, ಗೆರೆ ಕಾಣದಂತೆ ಉಜ್ಜಿ, ಬಣ್ಣ ಬಳಿದು ಎರಡು ವಾರವಾದ ಮೇಲೆ ಅದೇ ಗೆರೆ ನೆರಳಿನಂತೆ ಮೂಡಿದರೆ ಪುಟ್ಟಿ ಕುಗ್ಗಿದೆ. ಟ್ಯೂಬಿನಿಂದ ಹಿಂಡುವ ಪುಟ್ಟಿಯಲ್ಲಿ ದ್ರಾವಕವಿರುತ್ತದೆ. ಅದು ಆರಿದಷ್ಟೂ ಪುಟ್ಟಿ ತಗ್ಗುತ್ತದೆ. ಆಳವಾದ ಸಂದಿಗೆ ಎರಡು ಭಾಗ ಬೆರೆಸುವ ಎಪಾಕ್ಸಿ ಅಥವಾ ಪಾಲಿಯೆಸ್ಟರ್ ಪುಟ್ಟಿಯನ್ನೇ ಬಳಸಿ. ಗೆರೆ ತಗ್ಗಾಗಿರದೆ ಉಬ್ಬಾಗಿ ಕಂಡರೆ ಕಾರಣ ಬೇರೆ: ಸೂಪರ್ ಗ್ಲೂ ಕಾಲ ಕಳೆದಂತೆ ರೆಸಿನ್ನಿಗಿಂತ ಗಟ್ಟಿಯಾಗುತ್ತದೆ, ಆಮೇಲೆ ಉಜ್ಜಿದರೆ ಅಕ್ಕಪಕ್ಕದ ರೆಸಿನ್ ಸವೆದು ಅಂಟು ದಿಬ್ಬವಾಗಿ ನಿಲ್ಲುತ್ತದೆ. ಅಂಟಿಸಿದ ಕೆಲವೇ ಗಂಟೆಗಳಲ್ಲಿ, ಮರದ ತುಂಡಿಗೆ ಸುತ್ತಿದ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳು ತಗ್ಗಿಗೆ ಇಳಿಯುತ್ತದೆ, ಗೆರೆ ಹೋಗುವುದಿಲ್ಲ. ಸಾಕಷ್ಟು ಉಜ್ಜಿದೆವೇ ಎಂಬ ಅನುಮಾನಕ್ಕೆ ಒಂದು ಉಪಾಯವಿದೆ: ಬೂದು ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳ್ಳಗೆ ಸಿಂಪಡಿಸಿ ಉಜ್ಜಿ, ಕಪ್ಪು ಉಳಿದ ಕಡೆಯೆಲ್ಲ ತಗ್ಗಿದೆ.

ಸೂಜಿರಂಧ್ರಗಳನ್ನು ಪ್ರೈಮರ್ ತುಂಬುತ್ತದೆ ಎಂದು ನಂಬಬೇಡಿ. ಎರಕದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆ ತೆಳುವಾದ ಪೊರೆಯ ಕೆಳಗೆ ಇರುತ್ತದೆ. ಉಜ್ಜಿದಾಗ ಆ ಪೊರೆ ಒಡೆದು ಬಾಯಿ ತೆರೆಯುತ್ತದೆ, ಪ್ರೈಮರ್ ಬಾಯಿಗೆ ಅಡ್ಡಲಾಗಿ ಸೇತುವೆ ಕಟ್ಟುತ್ತದೆ, ಮುಂದಿನ ಪದರದ ದ್ರಾವಕ ಅದನ್ನು ಮತ್ತೆ ಒಡೆಯುತ್ತದೆ. ರಂಧ್ರವನ್ನು 1 ಮಿ.ಮೀ. ಡ್ರಿಲ್‌ನಿಂದ ಧೈರ್ಯವಾಗಿ ಅಗಲಿಸಿ, ಪುಟ್ಟಿ ತಳ ಮುಟ್ಟುವಂತೆ ತುರುಕಿ, ನಂತರ ಉಜ್ಜಿ.

ಡೊಂಕಾದ ನಳಿಗೆಯನ್ನು ಕೈಯಿಂದ ಬಲವಂತವಾಗಿ ನೆಟ್ಟಗೆ ಮಾಡಿ ಅಂಟಿಸಿದರೆ ಆ ಬಲ ಅಂಟಿನಲ್ಲಿ ಉಳಿದು ಕೂಡುಗೆರೆಯನ್ನು ಬಿರಿಯುತ್ತದೆ. 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕೆಲವು ನಿಮಿಷ ಇಟ್ಟು, ಮೆತ್ತಗಾದಾಗ ಸಮತಟ್ಟಾದ ಕಲ್ಲಿನ ಮೇಲೆ ನೆಟ್ಟಗೆ ಹಿಡಿದು, ಹಾಗೇ ತಣ್ಣೀರಿಗೆ ಇಳಿಸಿ. ಉದ್ದವಾದ, ತೆಳುವಾದ ನಳಿಗೆಗೆ ಒಳಗೆ ಹಿತ್ತಾಳೆಯ ಕಂಬಿ ಇಟ್ಟು ಅಂಟಿಸುವುದೇ ಶಾಶ್ವತ ಪರಿಹಾರ. ಕಂಬಿಯಿಲ್ಲದ ರೆಸಿನ್ ಬಿಸಿಲಿನಲ್ಲಿ ಅಥವಾ ಮುಚ್ಚಿದ ಕಾರಿನಲ್ಲಿ ಇದ್ದರೆ ಮತ್ತೆ ಬಾಗುತ್ತದೆ.

ಸುಕ್ಕು, ಬಿಳಿಚು, ಗುಳಿ

ಹೊಸ ಪದರ ಹೊಡೆದ ಕೆಲವೇ ಕ್ಷಣಗಳಲ್ಲಿ ಮೇಲ್ಮೈ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದರೆ, ಕೆಳಗಿನ ಪದರವನ್ನು ಮೇಲಿನದರ ದ್ರಾವಕ ಕಲಕಿದೆ. ಪೂರ್ತಿ ಗಟ್ಟಿಯಾಗದ ಎನಾಮಲ್ ಮೇಲೆ ಲ್ಯಾಕರ್ ಹೊಡೆದಾಗ ಇದು ಆಗುವುದು ಸಾಮಾನ್ಯ. ತಿರುಗುಮುರುಗಾಗಿ, ಆರಿದ ಲ್ಯಾಕರ್ ಮೇಲೆ ಎನಾಮಲ್ ಹೊಡೆದರೆ ತೊಂದರೆಯಿಲ್ಲ. ಕೆಲವು ಸ್ಪ್ರೇ ಎನಾಮಲ್ ಡಬ್ಬಿಗಳ ಮೇಲೆ ಮುಂದಿನ ಕೈಯನ್ನು ಒಂದು ಗಂಟೆಯೊಳಗೆ ಹೊಡೆಯಿರಿ ಅಥವಾ 48 ಗಂಟೆಯ ನಂತರ ಹೊಡೆಯಿರಿ ಎಂದು ಬರೆದಿರುವುದನ್ನು ನೋಡಿದ್ದೀರಿ. ಅದನ್ನು ಮಾತಿಗೆ ಹೇಳಿದ್ದೆಂದು ತಳ್ಳಿಹಾಕಬಾರದು. ಮೊದಲ ಗಂಟೆಯಲ್ಲಿ ಎರಡು ಪದರಗಳೂ ಹಸಿಯಾಗಿದ್ದು ಒಂದಾಗುತ್ತವೆ, 48 ಗಂಟೆಯ ನಂತರ ಕೆಳಗಿನದು ದ್ರಾವಕವನ್ನು ತಡೆದುಕೊಳ್ಳುತ್ತದೆ, ನಡುವಿನ ಹೊತ್ತಿನಲ್ಲಿ ಎರಡೂ ಆಗುವುದಿಲ್ಲ. ಸುಕ್ಕಾದ ಮೇಲೆ ಹಸಿಯಲ್ಲಿ ಕೈಹಾಕಬೇಡಿ. ಪೂರ್ತಿ ಗಟ್ಟಿಯಾಗಲು ಬಿಟ್ಟು, ಸುಕ್ಕಿನ ಬುಡದವರೆಗೂ ಉಜ್ಜಿ, ಪ್ರೈಮರ್‌ನಿಂದ ಮತ್ತೆ ಶುರುಮಾಡಿ.

ಪಾರದರ್ಶಕ ಲೇಪ ಬೆಳ್ಳಗೆ ಮಬ್ಬಾದರೆ ಗಾಳಿಯ ತೇವವೇ ಕಾರಣ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ತಣ್ಣನೆಯ ಲೋಟದ ಮೇಲೆ ಹನಿ ಮೂಡುವಂತೆ ಲೇಪದೊಳಗೆ ತೇವ ಕೂರುತ್ತದೆ. ಒಣ ಹವೆಯ ದಿನ ಅದೇ ಲೇಪವನ್ನು ತೆಳ್ಳಗೆ ಮತ್ತೊಮ್ಮೆ ಸಿಂಪಡಿಸಿದರೆ ಅಥವಾ ನಿಧಾನವಾಗಿ ಆರುವ ಥಿನ್ನರ್ ಅನ್ನು ಮಂಜಿನಂತೆ ಹಾಯಿಸಿದರೆ ಕೆಳಗಿನದು ಕರಗಿ ಬಿಳುಪು ಹೋಗುವುದುಂಟು. ಆದರೆ ಬಿಳುಪು ಮಂಕು ಲೇಪದಲ್ಲಿ ಮಾತ್ರ, ಅದೂ ಗೀರುಗಳ ಒಳಗೆ ಪುಡಿಯಂತೆ ಕಂಡರೆ, ಅದು ಡಬ್ಬಿಯನ್ನು ಸರಿಯಾಗಿ ಕುಲುಕದೆ ಹೊಡೆದದ್ದರ ಫಲ: ಮಂಕು ತರುವ ಪುಡಿ ತಳದಲ್ಲಿ ಕುಳಿತಿದ್ದು ಗಂಟುಗಂಟಾಗಿ ಹೊರಬಂದಿದೆ. ಇದನ್ನು ತೇವವೆಂದು ಭಾವಿಸಿ ಥಿನ್ನರ್ ಹಾಯಿಸಿದರೆ ಹೋಗುವುದಿಲ್ಲ.

ಹಸಿ ಬಣ್ಣ ದುಂಡಗೆ ಹಿಂಜರಿದು ಗುಳಿ ಬಿದ್ದರೆ ಅದು ಸಿಲಿಕೋನ್, ಮೊದಲ ಭಾಗಕ್ಕೆ ಹಿಂದಿರುಗಿ. ಕಿತ್ತಳೆ ಸಿಪ್ಪೆಯಂತೆ ತರಿತರಿಯಾದರೆ ಬಣ್ಣ ದಪ್ಪವಾಗಿತ್ತು ಅಥವಾ ಡಬ್ಬಿ ತಣ್ಣಗಿತ್ತು. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿ, ಒತ್ತಡದ ಡಬ್ಬಿಯನ್ನು 50 ಡಿಗ್ರಿ ಮೀರಿ ಎಂದೂ ಬಿಸಿಮಾಡಬೇಡಿ. ಎರಡು ಭಾಗ ಬೆರೆಸುವ ಯುರಿಥೇನ್ ಲೇಪದ ಹೊಳಪು ಮನಸೆಳೆಯುವಂಥದೇ, ಆದರೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಅದು ಉಸಿರಾಟದ ಅಲರ್ಜಿಯನ್ನು ಶಾಶ್ವತವಾಗಿ ತರಬಲ್ಲದು. ಹೊರಗಿನಿಂದ ಗಾಳಿ ಪೂರೈಸುವ ಮುಖಕವಚವಿಲ್ಲದೆ ಮನೆಯಲ್ಲಿ ಅದನ್ನು ಸಿಂಪಡಿಸುವುದನ್ನು ನಾನು ಒಪ್ಪುವುದಿಲ್ಲ.

ಲೋಹ ಲೋಹದಂತೆ ಕಾಣದಿದ್ದರೆ

ಬೆಳ್ಳಿ ಬಣ್ಣ ಬೂದಿಯಂತೆ ಸಪ್ಪೆಯಾಗಿ ಕಂಡರೆ ಬೆಳ್ಳಿಯ ಡಬ್ಬಿಯನ್ನು ಬದಲಿಸುವ ಮೊದಲು ಅದರ ಕೆಳಗಿನದನ್ನು ನೋಡಿ. ಲೋಹದ ಬಣ್ಣದಲ್ಲಿ ಇರುವುದು ಅತಿ ಸಣ್ಣ ಚಪ್ಪಟೆ ಚೂರುಗಳು. ಅವು ಒಂದೇ ಸಮತಲದಲ್ಲಿ ಮಲಗಿದರೆ ಮಾತ್ರ ಕನ್ನಡಿಯಂತೆ ಬೆಳಕನ್ನು ಹಿಂದಿರುಗಿಸುತ್ತವೆ. ತರಿಯಾದ ಪ್ರೈಮರ್ ಮೇಲೆ ಅವು ಹೇಗೆಂದರೆ ಹಾಗೆ ನಿಲ್ಲುತ್ತವೆ, ಬೆಳಕು ಚದುರುತ್ತದೆ. ಹೊಳೆಯುವ ಕಪ್ಪು ಬಣ್ಣದ ಪದರ ಕೊಟ್ಟು, ಅದರಲ್ಲಿ ನಿಮ್ಮ ಬೆರಳಿನ ಪ್ರತಿಬಿಂಬ ಸ್ಪಷ್ಟವಾಗಿ ಕಾಣುವವರೆಗೆ ಮುಂದುವರಿಯಬೇಡಿ. ಅದರ ಮೇಲೆ ಲೋಹದ ಬಣ್ಣವನ್ನು ಬಹಳ ತೆಳ್ಳಗೆ, ಎರಡು ಮೂರು ಸಲ ಸಿಂಪಡಿಸಿ.

ಹೊಳಪು ಚೆನ್ನಾಗಿ ಬಂದು, ರಕ್ಷಣಾ ಲೇಪ ಕೊಟ್ಟ ಮೇಲೆ ಮಂಕಾದರೆ, ಲೇಪದ ದ್ರಾವಕ ಆ ಚೂರುಗಳನ್ನು ಕದಲಿಸಿದೆ. ಇದನ್ನು ಹಿಂದಕ್ಕೆ ತರಲಾಗದು. ನೀರು ಆಧಾರಿತ ಲೇಪವನ್ನು ಮೊದಲು ಒಂದು ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷಿಸಿ ಬಳಸಿ. ಕೈಯಿಂದ ಮುಟ್ಟದ ಭಾಗವಾದರೆ ಲೇಪವಿಲ್ಲದೆ ಬಿಡುವುದೇ ಉತ್ತಮ.

ಬಣ್ಣವೆಲ್ಲ ಸರಿಯಿದ್ದರೂ ವಸ್ತು ಆಟಿಕೆಯಂತೆ ಕಾಣುತ್ತದೆ ಎಂಬ ದೂರು ಬಹಳ ಕೇಳಿಬರುತ್ತದೆ, ಇದನ್ನೂ ದೋಷವೆಂದೇ ನಾನು ಎಣಿಸುತ್ತೇನೆ. ಕಾರಣ ತಿಳಿಯಲು ಮೂಲ ಪರಿಕರ ಯಾವುದರಿಂದ ಆಗಿತ್ತು ಎಂದು ಯೋಚಿಸಬೇಕು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ನಾಯಕರಲ್ಲೊಬ್ಬನಾದ ಹ್ಯಾನ್ ಸೋಲೋನ ಪಿಸ್ತೂಲನ್ನು ನಿಜವಾದ ಮೌಸರ್ ಸಿ96 ಪಿಸ್ತೂಲಿನ ಮೇಲೆ ಕಟ್ಟಲಾಗಿತ್ತು. ಅದೇ ಚಿತ್ರದ ಇನ್ನೊಬ್ಬ ನಾಯಕ ಲ್ಯೂಕ್ ಸ್ಕೈವಾಕರ್‌ನ ಬೆಳಕಿನ ಖಡ್ಗದ ಹಿಡಿ ಗ್ರಾಫ್ಲೆಕ್ಸ್ ಕ್ಯಾಮೆರಾದ ಹಳೆಯ ಫ್ಲ್ಯಾಶ್ ಹಿಡಿಕೆಯಾಗಿತ್ತು. ಅಂದರೆ ನಾವು ನಕಲು ಮಾಡುತ್ತಿರುವುದು ಬಳಸಿ ಸವೆದ ನಿಜವಾದ ಲೋಹವನ್ನು. ಉಕ್ಕಿನ ಕಪ್ಪು ಲೇಪ ಸವೆಯುವುದು ಚೀಲದಿಂದ ಎಳೆಯುವಾಗ ತಾಗುವ ನಳಿಗೆಯ ತುದಿಯಲ್ಲಿ, ಬೆರಳು ಆಡುವ ಕುದುರೆಯ ಸುತ್ತ, ಹೊರಚಾಚಿದ ಅಂಚುಗಳಲ್ಲಿ. ಕೈ ತಾಗದ ಒಳಮೂಲೆಯಲ್ಲಿ ಅದು ಸವೆಯುವುದಿಲ್ಲ, ಅಲ್ಲಿ ಕೊಳೆ ಕೂರುತ್ತದೆ. ಬೆಳ್ಳಿ ಚುಕ್ಕೆಗಳನ್ನು ಎಲ್ಲ ಕಡೆ ಸಮನಾಗಿ ಎರಚಿದ್ದೇ ಆಟಿಕೆತನಕ್ಕೆ ಕಾರಣ. ಪಿಸ್ತೂಲನ್ನು ಕೈಯಲ್ಲಿ ಹತ್ತು ಸಲ ಹಿಡಿದು ಬಿಟ್ಟು, ಬೆರಳು ಎಲ್ಲೆಲ್ಲಿ ತಾಗಿತೆಂದು ಗಮನಿಸಿ, ಅಲ್ಲಿ ಮಾತ್ರ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳತುದಿಯಿಂದ ತಿಕ್ಕಿ. ಕಪ್ಪಿನಿಂದ ಉಕ್ಕಿಗೆ ಆ ಬದಲಾವಣೆ ನಿಧಾನವಾಗಿ ಬರುತ್ತದೆ, ಕುಂಚದಿಂದ ಅದು ಬರುವುದಿಲ್ಲ.

ಡೆಕಾಲ್ ಕೆಳಗೆ ಬೆಳ್ಳಿಯಂತೆ ಮಿನುಗು ಕಂಡರೆ ಅದು ಮಂಕು ಮೇಲ್ಮೈಯ ತರಿಗಳಲ್ಲಿ ಸಿಕ್ಕ ಗಾಳಿ. ಸೂಜಿಯಿಂದ ಚುಚ್ಚಿ ಡೆಕಾಲ್ ಮೆತ್ತಗಾಗಿಸುವ ದ್ರವ ಹನಿಸಿ. ಮುಂದಿನ ಸಲ ಹೊಳಪು ಲೇಪ ಕೊಟ್ಟು, ಅದರ ಮೇಲೆ ಡೆಕಾಲ್ ಇಟ್ಟು, ಮಂಕು ಲೇಪವನ್ನು ಕೊನೆಗೆ ಕೊಡಿ. ಪಾರದರ್ಶಕ ಕಿಟಕಿಯ ಸುತ್ತ ಬೂಷ್ಟಿನಂತೆ ಬಿಳಿ ಕಂಡರೆ ಅದು ಸೂಪರ್ ಗ್ಲೂ ಆವಿ. ಪಾರದರ್ಶಕ ಭಾಗಗಳಿಗೆ ಎಪಾಕ್ಸಿ ಅಥವಾ ಬಿಳಿ ಅಂಟನ್ನೇ ಬಳಸಬೇಕು.

ದೀಪ ಉರಿಯದಿದ್ದರೆ

ಇಲ್ಲಿಯೂ ಕ್ರಮ ಅದೇ, ಬ್ಯಾಟರಿಯಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಮುಂದೆ ಹೋಗಬೇಕು. ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ ಹಿಡಿದು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಧನ ತುದಿ, ಸ್ವಿಚ್‌ನ ಈಚೆ, ಸ್ವಿಚ್‌ನ ಆಚೆ, ರೆಸಿಸ್ಟರ್, ಎಲ್‌ಇಡಿಯ ಉದ್ದ ಕಾಲು, ಹೀಗೆ ಸರದಿಯಲ್ಲಿ ಮುಟ್ಟಿಸಿ. ವೋಲ್ಟೇಜ್ ಎಲ್ಲಿ ಮಾಯವಾಯಿತೋ ದೋಷ ಅದಕ್ಕೂ ಅದರ ಹಿಂದಿನ ಬಿಂದುವಿಗೂ ನಡುವೆ ಇದೆ. ಬೆಸುಗೆ ಹೊಳೆಯದೆ ಮಂಕಾಗಿ ಮರಳುಮರಳಾಗಿ ಕಂಡರೆ ಅದನ್ನು ಮತ್ತೆ ಕಾಯಿಸಿ ಹೊಸ ಬೆಸುಗೆ ಹನಿಸಿ. ವೋಲ್ಟೇಜ್ ಎಲ್‌ಇಡಿಯವರೆಗೂ ಬಂದಿದ್ದು ಅದು ಉರಿಯದಿದ್ದರೆ ತಿರುವುಮುರುವಾಗಿ ಜೋಡಿಸಿರಬಹುದು. ಎಲ್‌ಇಡಿಯ ಅಂಚು ಚಪ್ಪಟೆಯಾಗಿರುವ ಕಡೆ, ಕಾಲು ಗಿಡ್ಡವಾಗಿರುವ ಕಡೆ ಋಣ.

ಎಲ್ಲ ಜೋಡಣೆ ಸರಿಯಿದ್ದೂ ದೀಪ ಕೆಲವು ದಿನ ಉರಿದು ಮಂಕಾಗುವುದು ಇನ್ನೊಂದು ಬಗೆ. ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಬೇಕು. ಮೂರನ್ನು ಸಾಲಾಗಿ ಜೋಡಿಸಿದರೆ 9.6 ವೋಲ್ಟ್ ಆಗುತ್ತದೆ, 9 ವೋಲ್ಟ್ ಬ್ಯಾಟರಿಗೆ ಅದು ನಿಲುಕುವುದಿಲ್ಲ. ಹೊಸ ಬ್ಯಾಟರಿಯಲ್ಲಿ ಕ್ಷೀಣವಾಗಿ ಮಿನುಗಿ ನಿಂತುಹೋಗುತ್ತದೆ. ಎರಡನ್ನು ಸಾಲಾಗಿ ಇಟ್ಟು 180 ಓಮ್ ರೆಸಿಸ್ಟರ್ ಹಾಕಿದರೆ ಹೊಸ ಬ್ಯಾಟರಿಯಲ್ಲಿ ಸುಮಾರು 14 ಮಿಲಿಆಂಪಿಯರ್ ಹರಿಯುತ್ತದೆ, ಆದರೆ ಬ್ಯಾಟರಿ 7 ವೋಲ್ಟಿಗೆ ಇಳಿದಾಗ ಅದು ಕೇವಲ 3ರ ಆಸುಪಾಸಿಗೆ ಬರುತ್ತದೆ. ಒಂದೊಂದಕ್ಕೂ ಪ್ರತ್ಯೇಕವಾಗಿ 390 ಓಮ್ ಕೊಟ್ಟರೆ 7 ವೋಲ್ಟಿನಲ್ಲೂ ಸುಮಾರು 10 ಮಿಲಿಆಂಪಿಯರ್ ಉಳಿಯುತ್ತದೆ. ಬ್ಯಾಟರಿ ಬೇಗ ತೀರುತ್ತದೆ ನಿಜ, ಆದರೆ ತೀರುವವರೆಗೂ ದೀಪ ನಂಬಿಗಸ್ತವಾಗಿ ಉರಿಯುತ್ತದೆ, ನಾನು ಇದನ್ನೇ ಆರಿಸುತ್ತೇನೆ. ಕೆಂಪು ಉರಿದು ಪಕ್ಕದ ಬಿಳಿ ಉರಿಯದಿದ್ದರೆ ಎರಡಕ್ಕೂ ಒಂದೇ ರೆಸಿಸ್ಟರ್ ಹಂಚಿರುವುದನ್ನು ಹುಡುಕಿ: ಕೆಂಪಿಗೆ ಸುಮಾರು 2 ವೋಲ್ಟ್ ಸಾಕಾದ್ದರಿಂದ ಅದು ವೋಲ್ಟೇಜನ್ನು ಅಲ್ಲಿಗೇ ಕಟ್ಟಿಹಾಕುತ್ತದೆ, ಬಿಳಿಗೆ ಬೇಕಾದ 3.2 ಸಿಗುವುದೇ ಇಲ್ಲ.

ರೆಸಿನ್ ಗೋಡೆಯ ಮೂಲಕವೇ ಬೆಳಕು ಸೋರಿ ಇಡೀ ಪಿಸ್ತೂಲು ಕೆಂಡದಂತೆ ಕಂಡರೆ ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಕೊಡಿ. ಕಪ್ಪು ಸೋರಿಕೆಯನ್ನು ತಡೆಯುತ್ತದೆ, ಬಿಳಿ ಬೆಳಕನ್ನು ಕಿಟಕಿಯ ಕಡೆಗೆ ಹಿಂದಿರುಗಿಸುತ್ತದೆ. ಜೋಡಿಸುವ ಮೊದಲು ಉರಿಯುತ್ತಿದ್ದ ದೀಪ ಬಣ್ಣ ಹೊಡೆದ ಮೇಲೆ ಉರಿಯದಿದ್ದರೆ ತಂತಿ ಕೀಳುವ ಮೊದಲು ಬ್ಯಾಟರಿ ಕೋಣೆಯ ಮುಚ್ಚಳ ತೆಗೆದು, ಟಾರ್ಚ್ ಹಿಡಿದು, ಲೋಹದ ಸ್ಪ್ರಿಂಗನ್ನು ನೋಡಿ. ನನ್ನ ಪಿಸ್ತೂಲಿನಲ್ಲಿ ಸ್ಪ್ರಿಂಗಿನ ತುದಿಯ ಮೇಲೆ ಬೂದು ಪ್ರೈಮರ್‌ನ ತೆಳು ಮಂಜು ಕುಳಿತಿತ್ತು, ಕಣ್ಣಿಗೆ ಅದು ಲೋಹದ ಬಣ್ಣವೇ ಎನ್ನಿಸುತ್ತಿತ್ತು. 600ರ ಸ್ಯಾಂಡ್‌ಪೇಪರ್ ಚೂರನ್ನು ಕಡ್ಡಿಗೆ ಸುತ್ತಿ ನಾಲ್ಕು ಸಲ ತಿಕ್ಕಿದೆ, ದೀಪ ಹತ್ತಿತು.